ಶಾಂತಕ್ಕನ ಕೈ

ಶಾಂತಕ್ಕನಿಗೆ ಮಕ್ಕಳ ಹೆಸರು ನೆನಪಿರುತ್ತಿರಲಿಲ್ಲ, ತಲೆ ನೆನಪಿರುತ್ತಿತ್ತು. "ಎರಡು ಸುಳಿಯಾಕಿ ಬಂದಿಲ್ಲೇನು?" "ಆ ಸಿಕ್ಕುಗೂದ್ಲಾಕಿ ಎಲ್ಲಿ?" ಮುಂಬೈಯ ಸಾಂತಾಕ್ರೂಜಿನ ನಮ್ಮ ಚಾಳಿನಲ್ಲಿ ಶಾಲೆಗೆ ಹೊರಟ ಹುಡುಗಿಯರೆಲ್ಲ ಜಡೆಗಾಗಿ ಅವಳ ಬಾಗಿಲ ಮುಂದೆ ಸಾಲುಗಟ್ಟುತ್ತಿದ್ದರು. ವಿಜಾಪುರದ ಕಡೆಯವಳು, ಗಂಡ ತೀರಿದ ಮೇಲೆ ಪಾರ್ಲೆಯ ನಾಲ್ಕು ಮನೆಗಳಿಗೆ ರೊಟ್ಟಿ ಬಡಿದುಕೊಡುತ್ತಿದ್ದಳು. ಬೈಗುಳವಿಲ್ಲದೆ ಅವಳ ಒಂದು ಜಡೆಯೂ ಮುಗಿಯುತ್ತಿರಲಿಲ್ಲ.

ನನ್ನ ಮಗಳು ನೇಹಾಳಿಗೆ ಆರು ವರ್ಷವಿದ್ದಾಗ ಮೂತ್ರಪಿಂಡದ ಕಾಯಿಲೆ ಬಂತು. ಮೂತ್ರದಲ್ಲಿ ಪ್ರೋಟೀನ್ ಸೋರಿ ಮೈಯೆಲ್ಲ ಬಾತುಕೊಂಡಿತ್ತು. ಸ್ಟಿರಾಯ್ಡ್ ಮಾತ್ರೆಗೆ ಆ ಬಾವು ಇಳಿಯಿತು, ಆದರೆ ಕೆನ್ನೆ ಪೂರಿಯಂತೆ ಉಬ್ಬಿದವು. ಶಾಲೆಯಲ್ಲಿ 'ಮೋಟಿ', ಡುಮ್ಮಿ ಎಂದು ಅಣಕಿಸಿದರೆಂದು ಅವಳು ಅತ್ತ ದಿನದಿಂದ ಶಾಂತಕ್ಕ ಮೊದಲ ಸರದಿ ಅವಳಿಗೇ ಕೊಟ್ಟಳು.

ಒಂದು ಬೆಳಿಗ್ಗೆ ಜಡೆಯನ್ನು ಅರ್ಧಕ್ಕೇ ಬಿಟ್ಟು ನೇಹಾಳ ಕೈಹಿಡಿದು ನಮ್ಮ ಮನೆಗೆ ಬಂದಳು.

"ಗದ್ದ ಎತ್ತಿದ್ರ ಅಳ್ತಾಳ. ಗಂಟ್ಲ ಮುಂದ ಗಂಟೈತಿ, ಸುಡಾಕತ್ತೈತಿ. ಮುಟ್ಟಿ ನೋಡವಾ."

"ಮಾತ್ರಿಗೆ ಮುಖ ಉಬ್ಬೇತಲ್ಲ ಶಾಂತಕ್ಕ, ಅದ ಇರಬೇಕು. ಜ್ವರಾನೂ ಇಲ್ಲ."

"ಜ್ವರ ಇಲ್ಲಂದ್ರ ನೋವು ಸುಳ್ಳೇನು? ನಡಿ ದವಾಖಾನಿಗೆ. ಒಂದಿನ ರೊಟ್ಟಿ ಇಲ್ಲಂದ್ರ ಯಾರೂ ಸಾಯಂಗಿಲ್ಲ."

ಬಾಂದ್ರಾದ ಆಸ್ಪತ್ರೆಯಲ್ಲಿ ಡಾಕ್ಟರು ಸ್ಕ್ಯಾನ್ ಮಾಡಿಸಿದರು. ಹುಟ್ಟಿನಿಂದಲೇ ಕೊರಳಲ್ಲಿದ್ದ ಸಣ್ಣ ನೀರುಗಂಟಿಗೆ ಸೋಂಕು ತಗುಲಿ ಕೀವಾಗಿತ್ತು. ಜ್ವರವನ್ನು ಸ್ಟಿರಾಯ್ಡ್ ಅಡಗಿಸಿಟ್ಟಿತ್ತು. ಇನ್ನೂ ತಡವಾಗಿದ್ದರೆ ಉಸಿರಾಟಕ್ಕೇ ತೊಂದರೆಯಾಗಬಹುದಿತ್ತು ಎಂದರು. ಆ ಮಾತ್ರೆಯೇ ಬೇಡ, ನಿಲ್ಲಿಸಿಬಿಡಿ ಎಂದು ನಾನು ಹಿಂದಿಯಲ್ಲಿ ಕೂಗಾಡಿದೆ. ಒಮ್ಮೆಲೇ ನಿಲ್ಲಿಸಿದರೆ ಇನ್ನೂ ಅಪಾಯ ಎಂದು ಅವರು ವಿವರಿಸಿದ್ದು ನನ್ನ ತಲೆಗೆ ಹೋಗಲಿಲ್ಲ. ಶಾಂತಕ್ಕ ನನ್ನ ಭುಜ ಹಿಡಿದು ಕೂರಿಸಿದಳು.

"ಅವ್ರು ಹೇಳಿದಂಗ ಕೇಳು. ಬೈಯೂದಿದ್ರ ಆಮ್ಯಾಲೆ ನನ್ನ ಬೈ."

ಕೀವು ತೆಗೆದು ಹತ್ತು ದಿನ ಇಂಜೆಕ್ಷನ್ ಕೊಟ್ಟರು. ಅಷ್ಟೂ ದಿನ ಶಾಂತಕ್ಕ ರೊಟ್ಟಿ ಕೆಲಸ ಮುಗಿಸಿ ನೇರ ವಾರ್ಡಿಗೆ ಬರುತ್ತಿದ್ದಳು; ಪಕ್ಕದ ಮಂಚದ ಮಕ್ಕಳಿಗೂ ಬೈಗುಳ ಬೀಳುತ್ತಿತ್ತು. ಕೆಲವು ತಿಂಗಳ ನಂತರ, ಕಾಯಿಲೆ ಹತೋಟಿಗೆ ಬಂದ ಮೇಲೆ, ಆ ಗಂಟನ್ನೇ ಆಪರೇಶನ್ ಮಾಡಿ ತೆಗೆದರು.

ಚಾಳು ಬಿಲ್ಡರನ ಪಾಲಾದಾಗ ಶಾಂತಕ್ಕ ದೂರದ ನಾಲಾಸೋಪಾರಾಕ್ಕೆ ಹೋದಳು. ಹೋದ ವರ್ಷ ತೀರಿಕೊಂಡಳು. ಕೊನೆಯ ಸಲ ಸಿಕ್ಕಿದ್ದು ಸ್ಟೇಷನ್ನಿನಲ್ಲಿ. ನೇಹಾ ಆಗ ಕಾಲೇಜು ಸೇರಿದ್ದಳು. ಅರೆಬರೆ ಕನ್ನಡದಲ್ಲಿ "ಅಜ್ಜಿ, ನೀ ಠೀಕ್ ಇದ್ದಿ?" ಎಂದು ಕೇಳಿ, ಪ್ಲಾಟ್‌ಫಾರ್ಮಿನ ಜನರ ನಡುವೆಯೇ ಅಪ್ಪಿಕೊಂಡಳು. ಲೋಕಲ್ ಬಂತು. ಹೆಂಗಸರ ಡಬ್ಬಿಯ ಬಾಗಿಲಲ್ಲಿ ಒಬ್ಬಾಕೆ ಶಾಂತಕ್ಕನಿಗೆ ಕೈನೀಡಿ ಹತ್ತಿಸಿಕೊಳ್ಳುತ್ತ, "ಕೌನ್ ಹೈ ವೋ ಲಡ್ಕಿ?" ಎಂದು ನೇಹಾಳನ್ನು ತೋರಿಸಿ ಕೇಳಿದಳು.

"ಅಪ್ನೀಚ್ ಹೈ," ನಮ್ಮವಳೇ, ಎಂದಳು ಶಾಂತಕ್ಕ. ಗಾಡಿ ಹೊರಟಿತು.