ಎದುರು ಮನೆಗೆ ಒಯ್ದ ಬುತ್ತಿ

ನನ್ನ ತಂಗಿ ಇರುವುದು ಮುಂಬೈಯಲ್ಲಿ ಅಲ್ಲ, ಮುಂಬೈ ಮಗ್ಗುಲಿನ ಒಂದು ಪುಟ್ಟ ಊರಿನಲ್ಲಿ. ಯಾರಾದರೂ ಮುಂಬೈ ಅಂದರೆ ಆಕೆಯೇ ತಿದ್ದುತ್ತಾಳೆ. ಆ ಊರಿಗೆ ತನ್ನದೇ ನಗರಸಭೆ, ತನ್ನದೇ ಕೆರೆ, ಕೆರೆಯ ಸುತ್ತ ತನ್ನದೇ ಬೇಲಿ. ಮುಂಬೈಯ ದುಡ್ಡು ಬೇಕು, ಮುಂಬೈಯ ಬೆವರು ಬೇಡ ಅನ್ನುವವರೆಲ್ಲ ಅಲ್ಲಿ ಸೇರಿಕೊಂಡಿದ್ದಾರೆ. ಒಂದು ಕಡ್ಡಿಪೆಟ್ಟಿಗೆ ಬೇಕಾದರೂ ಫೋನು ಒತ್ತಿ ತರಿಸಬೇಕು. ಬೆಳಿಗ್ಗೆ, ಸಾಯಂಕಾಲ ಜನ ಬಿಳಿ ಬೂಟು ಹಾಕಿಕೊಂಡು ಕೆರೆಯ ಸುತ್ತ ಬಿರಬಿರನೆ ನಡೆಯುತ್ತಾರೆ. ದೀಪಾವಳಿ ರಜೆಗೆ ಬಸವನ ಬಾಗೇವಾಡಿಯಿಂದ ನನ್ನ ಜೊತೆ ಬಂದ ಅವ್ವ ಮೊದಲ ದಿನ ಗ್ಯಾಲರಿಯಲ್ಲಿ ನಿಂತು ಅರ್ಧ ತಾಸು ಇದನ್ನೇ ನೋಡಿದಳು.

"ಇವ್ರೆಲ್ಲಾ ಎಲ್ಲಿಗಿ ಹೊಂಟಾರೋ?"

"ಎಲ್ಲಿಗೂ ಇಲ್ಲಬೇ. ಸುಮ್ನ ಅಡ್ಡಾಡಾಕತ್ತಾರ."

"ಮತ್ತ ಇಷ್ಟ್ಯಾಕ ಅವಸರ?"

ಹೈಸ್ಕೂಲು ಮಾಸ್ತರನಾಗಿ ಇಪ್ಪತ್ತು ವರ್ಷ ಪ್ರಶ್ನೆ ಕೇಳಿದ ನಾನು ಚಾ ತರುವ ನೆಪದಲ್ಲಿ ಒಳಗೆ ಹೋದೆ.

ತಂಗಿಗೆ ಒಂದೇ ಚಿಂತೆ. ಆ ಊರಿನ ಕಟ್ಟಡಗಳಿಗೆ ಇಟ್ಟಿಗೆ ಹೊತ್ತವರಲ್ಲಿ ಅರ್ಧ ಜನ ನಮ್ಮದೇ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳದ ಕಡೆಯವರು. ಈಗ ಅವೇ ಕಟ್ಟಡಗಳ ನೆಲ ಒರೆಸುವವರೂ ಅವರೇ. ತಾನೂ ಅದೇ ಮಣ್ಣಿನವಳೆಂದು ಗೊತ್ತಾದರೆ ತನ್ನ ಬೆಲೆ ಇಳಿಯುತ್ತದೆ ಎಂದು ಆಕೆ ನಂಬಿದ್ದಳು. ಹಾಗಾಗಿ ನೆರೆಹೊರೆಯವರ ಮುಂದೆ ಬರೀ ಮಾತಿನಲ್ಲೇ ಊರಲ್ಲಿ ಗೌಡರಂಥ ಒಂದು ದೊಡ್ಡ ವಾಡೆ ಕಟ್ಟಿದ್ದಳು, ಅದರ ತುಂಬ ಆಳುಕಾಳು ಇಟ್ಟಿದ್ದಳು. ನಿಜಕ್ಕೂ ನಮ್ಮದು ಮಣ್ಣಿನ ಮಾಳಿಗೆಯ ಮನೆ. ಜೋರು ಮಳೆ ಬಂದರೆ ಐದು ಕಡೆ ಬೋಗುಣಿ ಇಡಬೇಕು. ಪಾತ್ರೆ ತಿಕ್ಕಲು ಬರುವ ಹೆಂಗಸಿನ ಜೊತೆ ತಂಗಿ ಎರಡು ವರ್ಷದಿಂದ ಹಿಂದಿಯಲ್ಲೇ ಮಾತಾಡುತ್ತಿದ್ದಳು. ಆಕೆ ಸಿಂದಗಿ ತಾಲೂಕಿನ ಯಂಕಂಚಿಯವಳು ಎಂಬುದನ್ನು ಅವ್ವ ಬಂದ ದಿನವೇ ಪತ್ತೆ ಮಾಡಿ, ಅವಳ ಸೋದರಮಾವನ ಹೆಸರು ಕೇಳುವವರೆಗೆ ಮುಟ್ಟಿದ್ದಳು. ತಂಗಿ ನನ್ನನ್ನು ಒಳಗೆ ಕರೆದು ಹೇಳಿದಳು: "ಅಣ್ಣಾ, ಕಟ್ಟಡದ ಹೆಂಗಸ್ರ ಕಮಿಟಿಗೆ ನನ್ನ ಹೆಸರು ನಡದೈತಿ. ಅವ್ವಗ ಒಂದೀಟು ಸುಮ್ನಿರಾಕ ಹೇಳು."

ಅವ್ವನಿಗೆ ಸುಮ್ಮನಿರಲು ಹೇಳುವ ಧೈರ್ಯ ನನ್ನ ಅಪ್ಪನಿಗೇ ಇರಲಿಲ್ಲ.

ಮೂರನೇ ದಿನ ಎದುರು ಮನೆಯ ಹಿರಿಯರು ತೀರಿಕೊಂಡರು. ಯಾರೂ ಅತ್ತ ಸದ್ದು ಕೇಳಲಿಲ್ಲ. ತಂಗಿಯ ಫೋನು ಮಾತ್ರ ಟಿಣ್ ಟಿಣ್ ಅನ್ನುತ್ತ ನಲವತ್ತು ಜೊತೆ ಮುಗಿದ ಕೈಗಳನ್ನು ತೋರಿಸಿತು. ಹಿಂದೆಯೇ ಸೂಚನೆಯೂ ಬಂತು: ಮರುದಿನ ಸಾಯಂಕಾಲ ಐದರಿಂದ ಆರರವರೆಗೆ ಕ್ಲಬ್‌ಹೌಸಿನಲ್ಲಿ ಶೋಕಸಭೆ, ಬಿಳಿ ಬಟ್ಟೆಯಲ್ಲಿ ಬರುವುದು, ಹೂವು ತರಬಾರದು. ದುಃಖಕ್ಕೂ ಟೈಮ್‌ಟೇಬಲ್ ಹಾಕುವ ಊರನ್ನು ನಾನು ಅದೇ ಮೊದಲು ನೋಡಿದ್ದು.

ನಮ್ಮ ಕಡೆ ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ಓಣಿಯವರು ಬುತ್ತಿ ಕಟ್ಟಿಕೊಂಡು ಹೋಗಿ, ಪಕ್ಕದಲ್ಲಿ ಕೂತು, ಬೇಡವೆಂದರೂ ಎರಡು ತುತ್ತು ಉಣಿಸಿ ಬರುತ್ತಾರೆ. ಆ ಮನೆಯವರ ಜೊತೆ ಜಗಳವಿದ್ದರೂ ಬುತ್ತಿ ತಪ್ಪುವುದಿಲ್ಲ. "ಅವ್ರು ಹೋಟೆಲ್‌ನಿಂದ ತರಸ್ತಾರಬೇ" ಎಂದು ತಂಗಿ ಎಷ್ಟು ಹೇಳಿದರೂ ಅವ್ವನ ಕಿವಿಗೆ ಬೀಳಲಿಲ್ಲ. ಊರಿಂದ ತಂದಿದ್ದ ಜೋಳದ ಹಿಟ್ಟು ತೆಗೆದು, ಹೊಳೆಯುವ ಆ ಅಡುಗೆ ಕಟ್ಟೆಯ ಮೇಲೆ ಟಪಟಪ ಬಡಿದು ಮೂವತ್ತು ರೊಟ್ಟಿ ಮಾಡಿದಳು. ಜೊತೆಗೆ ಕಡಲೆಹಿಟ್ಟಿನ ಝುಣಕ, ಹಿಂಡಿ ಅನ್ನುವ ಶೇಂಗಾ ಚಟ್ನಿಪುಡಿ. ಅರಿವೆಯಲ್ಲಿ ಗಂಟು ಕಟ್ಟಿ ನನ್ನ ಕೈಗೆ ಕೊಟ್ಟು, ಎದುರು ಬಾಗಿಲು ಬಡಿದಳು. ಸತ್ತವರ ಸೊಸೆ ಬಾಗಿಲು ತೆರೆದು ಕಕ್ಕಾಬಿಕ್ಕಿಯಾಗಿ ಗಂಟನ್ನೂ ನಮ್ಮನ್ನೂ ನೋಡಿದರು. ಅವ್ವ ಕೇಳದೆಯೇ ಒಳಗೆ ನಡೆದು, ನೆಲದ ಮೇಲೆ ಕೂತು, ಆಕೆಯ ಕೈ ಹಿಡಿದುಕೊಂಡಳು. ಆ ಹೆಣ್ಣುಮಗಳು ಸ್ವಲ್ಪ ಹೊತ್ತಿನ ಮೇಲೆ ಬಿಕ್ಕಿ ಬಿಕ್ಕಿ ಅತ್ತರು. ಅರ್ಧ ರೊಟ್ಟಿಯನ್ನೂ ತಿಂದರು.

ಮರುದಿನ ಶೋಕಸಭೆಗೆ ಬರಬೇಡ ಎಂದು ತಂಗಿ ಹೇಳಿದರೂ ಅವ್ವ ಬಂದಳು, ಅದೂ ಕೆಂಪು ಸೆರಗಿನ ಇಳಕಲ್ ಸೀರೆಯಲ್ಲಿ. ಸುತ್ತಲೂ ಇಸ್ತ್ರಿ ಮಾಡಿದ ಬಿಳಿ ಬಟ್ಟೆ. ಕಮಿಟಿಯ ಹೆಂಗಸರು ತಂಗಿಯನ್ನು ಸುತ್ತುವರಿದಿದ್ದರು, ಎದುರು ಮನೆಯ ಸೊಸೆಯೂ ಅಲ್ಲೇ ಇದ್ದರು. ನಾನೂ ಅವ್ವನೂ ಮೂರು ಹೆಜ್ಜೆ ಹಿಂದೆ. ಅವರಲ್ಲೊಬ್ಬರು ಕೆಂಪು ಸೆರಗನ್ನು ನೋಡಿ, ಇವರು ಯಾರು ಎಂದು ಹಿಂದಿಯಲ್ಲಿ ಕೇಳಿದರು.

ಅಡುಗೆಗೆ ಊರಿಂದ ಕರೆಸಿದ್ದೇವೆ ಅಂದಳು ನನ್ನ ತಂಗಿ.

ಅವ್ವ ತಾಳಿಕೋಟೆಯಲ್ಲಿ ಹುಟ್ಟಿ ಬೆಳೆದವಳು. ತವರಿನ ಓಣಿಯಲ್ಲಿ ಅರ್ಧ ಮಾತು ಉರ್ದುವಿನಲ್ಲೇ ನಡೆಯುತ್ತಿತ್ತು. ಹಿಂದಿ ಆಕೆಗೆ ನಮ್ಮಿಬ್ಬರಿಗಿಂತ ಚೆನ್ನಾಗಿ ತಿಳಿಯುತ್ತದೆ. ಇದು ತಂಗಿಗೆ ಗೊತ್ತಿತ್ತು, ಆ ಗಳಿಗೆಯಲ್ಲಿ ಮರೆತಳು. ನಾನು ಮರೆತಿರಲಿಲ್ಲ. ನಾನು ಮಾಡಿದ್ದು ಇಷ್ಟೇ: ಜೇಬಿನಿಂದ ಫೋನು ತೆಗೆದು, ಏನೋ ಬಹಳ ಮುಖ್ಯವಾದದ್ದು ಬಂದಂತೆ ನೋಡತೊಡಗಿದೆ. ಅದರಲ್ಲಿ ಏನೂ ಬಂದಿರಲಿಲ್ಲ. ನಾಚಿಕೆಯಾಯಿತು, ಆದರೂ ತಲೆ ಎತ್ತಲಿಲ್ಲ.

ಅವ್ವ ಮನೆಗೆ ಬಂದು ಕೂಗಾಡಲಿಲ್ಲ. ಕೂಗಾಡಿದ್ದರೆ ಬದುಕಿಕೊಳ್ಳುತ್ತಿದ್ದೆವು. ಅಡುಗೆಮನೆಯ ಬಾಗಿಲಲ್ಲಿ ನಿಂತು, ಸೆರಗು ಸರಿಮಾಡಿಕೊಂಡು, ಒಡತಿಯನ್ನು ಕೇಳುವಂತೆ ತಂಗಿಯನ್ನು ಕೇಳಿದಳು: "ಬಾಯಾರ, ರಾತ್ರಿಗೆ ಏನ್ ಅಡಗಿ ಮಾಡ್ಲಿರಿ?"

ತಂಗಿ ಮೊದಲು ನಕ್ಕಳು. ಆಮೇಲೆ ನಗು ನಿಂತಿತು. ನಾವು ಉಂಡು ಎದ್ದ ಮೇಲೆ ಅವ್ವ ಅಡುಗೆಮನೆಯ ನೆಲದ ಮೇಲೆ ಒಬ್ಬಳೇ ಕೂತು ಉಂಡಳು, ತಾಟು ತೊಳೆದು ಬೇರೆ ಇಟ್ಟಳು. ಮೆತ್ತನೆಯ ಮಂಚ ಬಿಟ್ಟು, ಕೆಲಸದವರಿಗೆಂದು ಕಟ್ಟಿದ ಕಿಟಕಿಯಿಲ್ಲದ ಕೋಣೆಯಲ್ಲಿ ಮಲಗಿದಳು. ಯಂಕಂಚಿಯ ಹೆಂಗಸು ಗಾಬರಿಯಾಗಿ, "ಯವ್ವಾ, ನೀವ್ಯಾಕ ಇಲ್ಲಿ ಕುಂತೀರಿ?" ಎಂದರೆ, "ಇಬ್ರೂ ಕೆಲಸಕ್ಕ ಬಂದಾವ್ರವಾ, ಕುಂದ್ರು, ಒಂದ್ ರೊಟ್ಟಿ ತಿನ್ನು" ಅಂದಳು. ನಾನು ಅವ್ವಾ ಎಂದು ಹತ್ತಿರ ಹೋದರೆ, "ಚಾ ಬೇಕೇನ್ರಿ ಸಾಹೇಬ್ರ?" ತಂಗಿ ಅತ್ತಳು, ಕಾಲು ಹಿಡಿದಳು. "ಕಾಲ್ ಬಿಡ್ರಿ ಬಾಯಾರ, ಯಾರರ ನೋಡಿದ್ರ ಏನಂದಾರು" ಎಂದು ಅವ್ವ ಕಾಲು ಹಿಂದಕ್ಕೆಳೆದುಕೊಂಡಳು. ಮೂರು ದಿನ ಹೀಗೇ ನಡೆಯಿತು.

ನಾಲ್ಕನೇ ದಿನ ಮಧ್ಯಾಹ್ನ ತಂಗಿ ಅವ್ವನ ರಟ್ಟೆ ಹಿಡಿದು ಎಳೆದುಕೊಂಡೇ ಹೋಗಿ ಎದುರು ಮನೆಯ ಗಂಟೆ ಒತ್ತಿದಳು. ನಾನು ಹಿಂದೆ ಹೋಗಿ ನಿಂತೆ. ಬಾಗಿಲು ತೆರೆದ ಸೊಸೆಗೆ ತಂಗಿ ಹಿಂದಿಯಲ್ಲಿ ಹೇಳಿದಳು: ಇವರು ಅಡುಗೆಯವರಲ್ಲ, ನನ್ನ ತಾಯಿ. ನಮಗೆ ವಾಡೆಯೂ ಇಲ್ಲ.

ಆ ಹೆಣ್ಣುಮಗಳು ಆಶ್ಚರ್ಯಪಡಲಿಲ್ಲ. ಗೊತ್ತಿತ್ತು ಅಂದರು. ಮೂವರದೂ ಒಂದೇ ಮೂಗು, ಕಮಿಟಿಯವರೆಲ್ಲ ಅವತ್ತೇ ಮಾತಾಡಿಕೊಂಡರಂತೆ. ನೀವಾಗಿಯೇ ಮುಚ್ಚಿಟ್ಟಿದ್ದನ್ನು ನಾವು ತೆಗೆದು ನೋಡಬಾರದು ಎಂದು ಸುಮ್ಮನಿದ್ದೆವು, ನಿಮ್ಮ ಅಣ್ಣನೂ ಸುಮ್ಮನಿದ್ದರಲ್ಲ ಎಂದರು. ಆಮೇಲೆ ಬಗ್ಗಿ ಅವ್ವನ ಪಾದ ಮುಟ್ಟಿದರು.

ತಂಗಿಯ ಮುಖ ಸುಣ್ಣದಂತಾಯಿತು. ಅಷ್ಟು ದಿನ ಯಾರಿಗೆ ಹೆದರಿದ್ದಳೋ ಅವರೆಲ್ಲ ನೋಡಿ, ನಕ್ಕು, ಕೆರೆ ಸುತ್ತಲು ಹೋಗಿದ್ದರು. ಅವ್ವ ಅವಳ ಬೆನ್ನ ಮೇಲೆ ಕೈ ಇಟ್ಟಳು.

"ನಡಿಯವಾ, ಹೊಟ್ಟಿ ಹಸದೈತಿ. ಕೂಡಿ ಉಣ್ಣೂಣು."

ಅವತ್ತು ಮೂವರೂ ಮೇಜಿನ ಮುಂದೆ ಕೂತೆವು. ಅವ್ವ ಮಗಳ ತಾಟಿಗೆ ರೊಟ್ಟಿ ಹಾಕಿ, ಮೇಲೆ ಎಣ್ಣೆ ಬಿಟ್ಟು, ಹಿಂಡಿ ಕಲಸಿ ಕೊಟ್ಟಳು. ಎಲ್ಲ ಮುಗಿಯಿತೆಂದು ನಾನೂ ಹಗುರಾಗಿ ತಾಟು ಮುಂದೆ ಮಾಡಿದೆ.

"ತಗೋರಿ ಸಾಹೇಬ್ರ" ಅಂದಳು ಅವ್ವ. "ಇನ್ನೊಂದ್ ಹಾಕ್ಲೇನ್ರಿ?"

ಬಾಗೇವಾಡಿ ಮುಟ್ಟುವ ತನಕ ನಾನು ಸಾಹೇಬನೇ. ತಂಗಿಯಾದರೂ ಹೋಗಿ ಎದುರು ಮನೆಯ ಗಂಟೆ ಒತ್ತಿದ್ದಳು, ನಾನು ಅಲ್ಲೂ ಹಿಂದೆ ನಿಂತಿದ್ದೆ.