ಪರದೆಯ ಹಿಂದಿನ ಹಿಮ

ಡಚ್ಚರ ನಾಡಿನ ಹಾರ್ಲೆಮ್ ಊರಿನ ನಮ್ಮ ಬೀದಿಯಲ್ಲಿ ಮುಂಗಿಟಕಿಗೆ ಪರದೆ ಎಳೆದುಕೊಂಡು ಕೂರುವ ಮನೆಯೆಂದರೆ ನಮ್ಮದೊಂದೇ. ಉಳಿದವರೆಲ್ಲ ಸಂಜೆಯಾದರೆ ದೀಪ ಹಚ್ಚಿ, ತಾವು ಉಣ್ಣುವುದನ್ನೂ ಓದುವುದನ್ನೂ ಬಾಯಿ ತೆರೆದು ತೂಕಡಿಸುವುದನ್ನೂ ದಾರಿಹೋಕರ ಕಣ್ಣಿಗೆ ಒಪ್ಪಿಸಿಬಿಟ್ಟು ನಿಶ್ಚಿಂತೆಯಿಂದ ಇರುತ್ತಾರೆ. ನಮ್ಮ ಕಿಟಕಿಗೆ ಮಾತ್ರ ಇಟ್ಟಿಗೆ ಬಣ್ಣದ ದಪ್ಪ ಪರದೆ. ಅಮ್ಮ ಮೈಸೂರಿನಿಂದ ಬಂದಿದ್ದಾಗ ಊಟದ ಮೇಜಿನ ಮೇಲೆ ಬಟ್ಟೆ ಹರಡಿಕೊಂಡು ಎರಡು ದಿನ ಕೂತು ಕೈಯಲ್ಲೇ ಹೊಲಿದದ್ದು. "ನಾವು ಏನ್ ತಿಂತೀವಿ ಅಂತ ಬೀದಿಗೆಲ್ಲ ಯಾಕೆ ತೋರಿಸ್ಬೇಕೆ?" ಎಂದಿದ್ದಳು.

ಅಮ್ಮನ ಜೀವನದರ್ಶನವೇ ಅದು. ಆಗುವ ತನಕ ಯಾವುದನ್ನೂ ಬಾಯಿ ಬಿಡಬಾರದು, ಕಣ್ಣು ಬೀಳುತ್ತದೆ. ತಿರುಪತಿಗೆ ಹೊರಟರೆ ಪಕ್ಕದ ಮನೆಯವರಿಗೆ ನಂಜನಗೂಡು ಎನ್ನುವಳು. ಲಡ್ಡು ಹಂಚುವಾಗಲೇ ಅವರಿಗೆ ನಿಜ ತಿಳಿಯುತ್ತಿದ್ದುದು. ಈ ಗುಣ ನನಗೆ ಅವಳ ಮೂಗಿನ ಜೊತೆಯಲ್ಲೇ ಬಂದಿದೆ. ಅದು ಸಾಲದೆಂಬಂತೆ ನನ್ನ ಉದ್ಯೋಗವೂ ಅನುಮಾನದ್ದೇ. ಯುಟ್ರೆಕ್ಟ್‌ನ ಕಂಪನಿಯೊಂದರಲ್ಲಿ ಬೇರೆಯವರು ಬರೆದ ಪ್ರೋಗ್ರಾಮುಗಳನ್ನು ಪರೀಕ್ಷಿಸುವವಳು ನಾನು. ಎಲ್ಲವೂ ಸರಿಯಾಗಿದೆ ಎಂದು ಯಾರಾದರೂ ಹೇಳಿದ ಕ್ಷಣದಿಂದ ನನ್ನ ಕೆಲಸ ಶುರು. ಓದುಗರೇ, ಇಂಥವಳು ಸ್ಕೀಯಿಂಗ್ ಪ್ರವಾಸ ಯೋಜಿಸಿದರೆ ಹೇಗಿರುತ್ತದೆಂದು ನೀವೇ ಊಹಿಸಿ.

ಆಸೆ ನನ್ನದಲ್ಲ, ಒಂಬತ್ತು ವರ್ಷದ ಮಗಳು ಸಿರಿಯದು. ಫೆಬ್ರವರಿಯ ಶಾಲಾ ರಜೆ ಬಂತೆಂದರೆ ಅವಳ ತರಗತಿಯ ಅರ್ಧ ಮಕ್ಕಳು ಆಲ್ಪ್ಸ್‌ನಲ್ಲಿರುತ್ತಾರೆ. ಕಾಲುವೆಯ ಸೇತುವೆಯನ್ನೇ ಏರು ಎಂದು ಕರೆಯುವ ಈ ಸಮತಟ್ಟಾದ ನಾಡಿನ ಜನಕ್ಕೆ ಬೆಟ್ಟದ ಮೇಲೆ ಅಷ್ಟೊಂದು ಮೋಹ ಯಾಕೆಂಬುದೇ ನನಗೆ ಅನುಮಾನ. ಆದರೆ ಆ ಮಗುವಿಗೆ ನಾವೊಂದು ಸಂತೋಷ ಬಾಕಿ ಉಳಿಸಿಕೊಂಡಿದ್ದೆವು. ಕೊರೊನಾ ಪಿಡುಗಿನ ಮೊದಲ ಬೇಸಿಗೆಯಲ್ಲಿ ಮೈಸೂರಿಗೆ ಹೋಗುತ್ತೇವೆಂದು ಮಾತು ಕೊಟ್ಟಿದ್ದೆವು. ಸಿರಿ ಅಜ್ಜಿಗೆಂದು ತಾನೇ ಆರಿಸಿದ ಬಿಸ್ಕೆಟ್ಟಿನ ನೀಲಿ ಡಬ್ಬಿಯನ್ನು ತನ್ನ ಚೀಲದ ತಳದಲ್ಲಿ ಇಟ್ಟುಕೊಂಡಿದ್ದಳು. ವಿಮಾನ ರದ್ದಾಯಿತು; ಚೀಲ ಖಾಲಿ ಮಾಡಿದ್ದೂ ಅವಳೇ. ಮರುವರ್ಷದ ಮೇ ತಿಂಗಳಲ್ಲಿ ಆ ಅಜ್ಜಿಯೇ, ನನ್ನ ಅಮ್ಮ, ಅದೇ ರೋಗಕ್ಕೆ ಹೊರಟುಹೋದಳು. ನಾನು ಇಲ್ಲಿಂದಲೇ ಫೋನಿನ ಪರದೆಯಲ್ಲಿ ಕೊನೆಯ ದರ್ಶನ ಮಾಡಿದೆ.

ಹಾಗಾಗಿ ಇನ್ನೊಮ್ಮೆ ಮಾತು ಕೊಟ್ಟು ತಪ್ಪಬಾರದೆಂದು ನಾನೂ ನನ್ನ ಗಂಡ ಮಧುವೂ ನಿಶ್ಚಯಿಸಿದೆವು. ರೈಲು ಹತ್ತುವ ದಿನದ ತನಕ ಸಿರಿಗೆ ಸುಳಿವೇ ಕೊಡುವುದು ಬೇಡ, ಅಡುಗೆಮನೆಯ ಬಾಗಿಲು ಹಾಕಿಕೊಂಡೇ ಮಾತಾಡುವುದು. ಆಸೆಯೇ ಹುಟ್ಟದಿದ್ದರೆ ಭಂಗವಾಗುವುದಾದರೂ ಏನು, ಅಲ್ಲವೇ?

ಜನವರಿಯಿಡೀ ನಾನು ಆಲ್ಪ್ಸ್ ಪರ್ವತವನ್ನು ಆರೋಪಿಯಂತೆ ವಿಚಾರಣೆ ಮಾಡಿದೆ. ರಾತ್ರಿ ಬಸ್ಸಿನಲ್ಲಿ ಐವತ್ತು ಜನರ ಉಸಿರು; ಬೇಡ. ಬಾಡಿಗೆ ಕಾರಿಗೆ ಚಳಿಗಾಲದ ಟೈರಿರಬೇಕು, ಹಿಮದಲ್ಲಿ ಜಾರದಂತೆ ಚಕ್ರಕ್ಕೆ ಸುತ್ತುವ ಸರಪಳಿ ಡಿಕ್ಕಿಯಲ್ಲಿರಬೇಕು, ಮೇಲಾಗಿ ಸ್ಟಿಯರಿಂಗ್ ಹಿಡಿಯುವವನು ಹಿಮದಲ್ಲಿ ಸೈಕಲ್ಲನ್ನೂ ತುಳಿಯದ ಧಾರವಾಡದ ಮಧು, ಅದೂ ಬೇಡ. ರೈಲೇ ಸರಿಯೆಂದರೆ ಮೂರು ಕಡೆ ಬದಲಿಸಬೇಕು, ಒಂದೊಂದು ಗಡಿ ದಾಟಿದಾಗಲೂ ಮಾಸ್ಕಿನ ನಿಯಮ ಬೇರೆ, ಅದು ವಾರಕ್ಕೊಮ್ಮೆ ಬದಲಾಗುವುದು ಬೇರೆ. ಹೋಟೆಲಿನ ಚಿತ್ರಗಳಲ್ಲಿ ಆಕಾಶ ಅಷ್ಟು ನೀಲಿಯಾಗಿರುವುದೇಕೆ? ಬಾಲ್ಕನಿಯಿಂದ ಬೆಟ್ಟ ಕಾಣುತ್ತದೆ ಎಂದು ಬರೆದಿದ್ದಾರೆ, ಯಾರ ಬಾಲ್ಕನಿಯಿಂದ? ಮಧುವಿಗೆ ತಾಳ್ಮೆ ತಪ್ಪಿತು. "ಅದು ಬರೇ ಹಿಮ ಐತಿ ಮಾರಾಯ್ತಿ, ಅದರಾಗೂ ಮೋಸ ಹುಡುಕ್ತೀಯಲ್ಲ ನೀ!" ಎಂದ. ಹಿಮದ ಮೇಲೇ ನನಗೆ ಮುಖ್ಯ ಅನುಮಾನವಿತ್ತು ಎಂಬುದನ್ನು ಅವನಿಗೆ ಹೇಳಲಿಲ್ಲ.

ಇನ್ನು ಪಾಠದ ವಿಷಯ. ನಾವು ಹೋಗಬೇಕೆಂದಿದ್ದ ಆಲ್ಪ್ಸ್ ಹಳ್ಳಿಯ ಸ್ಕೀ ಶಾಲೆಗೆ ಫೋನು ಮಾಡಿ, ಮಕ್ಕಳಿಗೆ ಮೊದಲು ಜಾರುವುದನ್ನು ಕಲಿಸುತ್ತೀರೋ ನಿಲ್ಲುವುದನ್ನೋ ಎಂದು ವಿಚಾರಿಸಿದೆ. ಎರಡೂ ಅಲ್ಲ, ಮೊದಲು ಬೀಳುವುದನ್ನು ಕಲಿಸುತ್ತೇವೆ ಎಂದಳು ಅಲ್ಲಿಯ ಹೆಂಗಸು, ನಗುತ್ತಲೇ. ದುಡ್ಡು ತೆಗೆದುಕೊಂಡು ಬೀಳಿಸುವ ಶಾಲೆಯೇ! ಮಗಳನ್ನು ಒಪ್ಪಿಸುವ ಮೊದಲು ನಾನೇ ಪರೀಕ್ಷಿಸಬೇಕೆಂದು ಇಲ್ಲೇ ಊರಾಚೆ ಒಂದು ಅಭ್ಯಾಸದ ಜಾಗಕ್ಕೆ ಕದ್ದು ಹೋದೆ. ಬೆಟ್ಟವಿಲ್ಲದ ಊರಿನ ಉಪಾಯ ನೋಡಿ: ಇಳಿಜಾರಾಗಿ ಹಾಸಿದ ದೊಡ್ಡ ಜಮಖಾನವೊಂದು ಮೇಲ್ಮುಖವಾಗಿ ಉರುಳುತ್ತಿರುತ್ತದೆ, ನೀವು ಅದರ ಮೇಲೆ ಕೆಳಮುಖವಾಗಿ ಜಾರುತ್ತ ಇದ್ದಲ್ಲೇ ಇರುತ್ತೀರಿ. ಎರಡನೇ ನಿಮಿಷಕ್ಕೆ ಮಂಡಿಯ ಮೇಲೆ ಬಿದ್ದೆ. ಕುಂಟುತ್ತ ಬರುವಾಗ ನಾಯಿ ಅಡ್ಡಾಡಿಸುತ್ತಿದ್ದ ಎದುರುಮನೆಯ ಹಾನ್ನಾ, ಸಿರಿಗೆಂದು ಅಲ್ಲೇ ಕೊಂಡು ನಾನು ಕೈಯಲ್ಲಿ ಹಿಡಿದಿದ್ದ ಮಕ್ಕಳ ಹಿಮದ ಕನ್ನಡಕ ನೋಡಿ, ಸ್ಕೀಗೆ ಹೊರಟಿರಾ ಎಂದು ಕೇಳಿದಳು. ಇಲ್ಲಪ್ಪ, ಇದು ಗೆಳತಿಯ ಮಗುವಿಗೆ ಎಂದೆ. ನನ್ನ ನಂಜನಗೂಡು ಅದು. ಮನೆಗೆ ಬಂದವಳೇ ಪರದೆ ಎಳೆದೆ.

ಆಮೇಲಿನ ವಾರ ಸಿರಿ ಊಟ ಬಿಡತೊಡಗಿದಳು. ಅಡುಗೆಮನೆಯ ಬಾಗಿಲಿಗೆ ಹತ್ತಿರವಾದ ಮೆಟ್ಟಿಲಿನ ಮೇಲೆ ಪುಸ್ತಕ ಹಿಡಿದು ಕೂರುವಳು, ಪುಟ ಮಗುಚುತ್ತಿರಲಿಲ್ಲ. ಹಲ್ಲುನೋವೇ ಎಂದರೆ "ನೋ", ಶಾಲೆಯಲ್ಲಿ ಜಗಳವೇ ಎಂದರೆ "ನೇ". ಅವಳ ಉತ್ತರಗಳೆಲ್ಲ ಇಂಗ್ಲಿಷಿನಲ್ಲೋ ಡಚ್ಚಿನಲ್ಲೋ ಬರುವುದು ನಮಗೆ ರೂಢಿಯಾಗಿತ್ತು. ಆದರೆ ಒಂದು ಭಾನುವಾರ ನಾನೂ ಮಧುವೂ ವಿಮೆಯ ಕಾಗದ ಮುಚ್ಚಿಟ್ಟು ಹೊರಗೆ ಬರುವಷ್ಟರಲ್ಲಿ ಅವಳು ಎದ್ದು ನಿಂತು ಅಚ್ಚಗನ್ನಡದಲ್ಲಿ ಕೇಳಿದಳು.

"ಅಮ್ಮಾ, ಈ ಸಲ ಯಾರು?"

ನನಗೆ ಅರ್ಥವಾಗಲಿಲ್ಲ. "ಯಾರು ಅಂದ್ರೆ?"

"ಅಜ್ಜಿ ಹೋದಾಗ ನೀವು ಹೀಗೇ ಬಾಗಿಲು ಹಾಕ್ಕೊಂಡು ಮಾತಾಡ್ತಿದ್ರಿ. ನಾಲ್ಕು ದಿನ. ಈಗ ತಾತನಾ? ನಿನಗೆ ಕಾಲು ನೋವು ಬೇರೆ ಇದೆ. ನೀನಾ?"

ಹೌದು, ನಾಲ್ಕು ದಿನ. ಅವಳಿಗೆ ಆ ವಾರ ಪರೀಕ್ಷೆಯಿತ್ತು, ಆಮೇಲೆ ಹೇಳೋಣ ಎಂದುಕೊಂಡಿದ್ದೆವು. ಹಾಗೆ ತಡೆದಿಟ್ಟ ಸುದ್ದಿಯನ್ನು ಕೊನೆಗೆ ಹೇಳಿದಾಗ ಸಿರಿ ಅಳಲಿಲ್ಲ. ಮಗು ಗಟ್ಟಿಯಾಗಿದೆ ಎಂದು ನಾನು ಸಮಾಧಾನಪಟ್ಟುಕೊಂಡಿದ್ದೆ. ಅಷ್ಟೆಲ್ಲ ಅನುಮಾನಪಡುವ ನನಗೆ ಆ ಒಣಗಿದ ಕಣ್ಣಿನ ಬಗ್ಗೆ ಮಾತ್ರ ಅನುಮಾನ ಬಂದಿರಲಿಲ್ಲ. ಸಿಹಿಗೂ ಸಾವಿಗೂ ನಾವು ಹಾಕುತ್ತಿದ್ದುದು ಒಂದೇ ಬಾಗಿಲು, ಆಚೆ ಕೂತ ಮಗು ಅದರಲ್ಲಿ ಯಾವುದು ಎಂದು ಹೇಗೆ ತಿಳಿಯಬೇಕು? ನನ್ನ ಮೇಲೆ ನನಗೇ ನಾಚಿಕೆಯಾಯಿತು.

ಎಲ್ಲವನ್ನೂ ಹೇಳಿದೆವು. ಸಿರಿ ನಂಬಲಿಲ್ಲ, ನನ್ನ ಮಗಳಲ್ಲವೇ? ರೈಲಿನ ಟಿಕೆಟ್ಟಿನಲ್ಲಿ ಮೂರು ಹೆಸರೂ ಇವೆಯೇ ಎಂದು ಬೆರಳಿಟ್ಟು ಓದಿದಳು. ನನ್ನ ಮಂಡಿಯ ನೀಲಿಗಾಯವನ್ನು ಬಟ್ಟೆ ಸರಿಸಿ ನೋಡಿದಳು. ಮೈಸೂರಿಗೆ ವೀಡಿಯೊ ಕರೆ ಮಾಡಿಸಿ, ಬನಿಯನ್ನಿನಲ್ಲಿ ಕೂತಿದ್ದ ತಾತ "ಏನ್ ಪುಟ್ಟಿ, ತಿಂಡಿ ಆಯ್ತಾ?" ಎಂದ ಮೇಲೆಯೇ ಅವಳ ಮುಖ ಸಡಿಲವಾದದ್ದು. ಆಮೇಲೆ ಕರಾರು ಹಾಕಿದಳು: "ಕ್ಯಾನ್ಸಲ್ ಆದ್ರೆ ಅವತ್ತೇ ಹೇಳ್ಬೇಕು. ಪ್ರಾಮಿಸ್?" ಮಾತು ಕೊಡುವುದಿಲ್ಲವೆಂದು ಹಟ ಹಿಡಿದಿದ್ದ ನಾನು ಆ ಮಾತು ಕೊಟ್ಟೆ.

ಹೊರಡಲು ಎರಡು ದಿನವಿತ್ತು. ಮಧುವಿಗೆ ಬೆಳಿಗ್ಗೆಯಿಂದ ಗಂಟಲು ಕೆರೆತ. ಸಂಜೆ ಮೂಗಿನೊಳಗೆ ಕಡ್ಡಿಯಾಡಿಸಿ ಸ್ವಪರೀಕ್ಷೆಯ ಪಟ್ಟಿಯನ್ನು ಅಡುಗೆಕಟ್ಟೆಯ ಮೇಲಿಟ್ಟೆವು. ರೋಗವಿದೆ ಎನ್ನುವ ಎರಡನೆಯ ಗೆರೆ ಮೊದಲು ನನ್ನ ಅನುಮಾನದಷ್ಟೇ ತೆಳ್ಳಗೆ ಮೂಡಿ, ನೋಡನೋಡುತ್ತ ನಿಚ್ಚಳವಾಯಿತು. ನನ್ನ ಕೈ ತಾನಾಗಿ ಹೋಗಿ ಬಾಗಿಲು ಹಾಕಿತು.

"ಇವತ್ತೊಂದಿನ ತಡಿ," ಎಂದ ಮಧು, ಮಾಸ್ಕು ಏರಿಸಿಕೊಳ್ಳುತ್ತ. "ನಾಳೆ ಇನ್ನೊಂದ್ ಸಲ ನೋಡಿ ಹೇಳೂಣು. ಪಾಪ, ಕೂಸು ಮಲಗ್ಲಿ."

ಹಿಂದಿನ ವಾರವಾಗಿದ್ದರೆ ನಾನೇ ಆ ಮಾತು ಹೇಳುತ್ತಿದ್ದೆ. ಬಾಗಿಲು ತೆರೆದು ಮುಂದಿನ ಕೋಣೆಗೆ ಹೋದೆ. ಸಿರಿ ಹಿಮದ ಕನ್ನಡಕ ಹಾಕಿಕೊಂಡು ಕಿಟಕಿಯ ಬಳಿ ಕೂತಿದ್ದಳು. ಪರದೆಯನ್ನು ಅವಳೇ ಸರಿಸಿದ್ದಳು, ಕನ್ನಡಕದಿಂದ ಬೀದಿ ಹೇಗೆ ಕಾಣುತ್ತದೆ ಎಂದು ನೋಡಲು.

"ಸಿರಿ, ಅಪ್ಪಂಗೆ ಎರಡು ಗೆರೆ ಬಂದಿದೆ. ನಾವು ಹೋಗೋಕಾಗಲ್ಲ."

"ಯಾವಾಗ ಬಂತು?"

"ಈಗ. ಐದು ನಿಮಿಷ ಆಯ್ತು ಅಷ್ಟೆ."

ಅವಳು ಗೋಡೆಯ ಗಡಿಯಾರ ನೋಡಿದಳು. ಆಮೇಲೆ ಅಳಲು ಶುರುಮಾಡಿದಳು. ಮನೆ ಹಾರಿಹೋಗುವಂತೆ, ಕನ್ನಡಕ ತೆಗೆಯುವುದನ್ನೂ ಮರೆತು ಅತ್ತಳು. ಮೊದಲು ಹಿಮಕ್ಕೆ ಅತ್ತಳು, ಅಪ್ಪನನ್ನು ಬೈದುಕೊಂಡು ಅತ್ತಳು, ನಾನು ಎದೆಗೆ ಎಳೆದುಕೊಂಡ ಮೇಲೆ ಬಿಕ್ಕಳಿಕೆಯ ನಡುವೆ ಬೇರೆ ಏನೋ ಹೇಳತೊಡಗಿದಳು. ಕಿವಿಗೊಟ್ಟು ಕೇಳಿದೆ.

"ಅಜ್ಜಿಗೆ ಅಂತ ಇಟ್ಟಿದ್ದ ಬಿಸ್ಕೆಟ್ಟು... ನಾವೇ ತಿಂದ್ಬಿಟ್ವಿ ಅಮ್ಮಾ."

ನಾನೂ ಅತ್ತೆ. ಅಮ್ಮ ಹೋದಾಗ ನಲ್ಲಿ ಬಿಟ್ಟುಕೊಂಡು ಬಚ್ಚಲಿನಲ್ಲಿ ಸದ್ದಿಲ್ಲದೆ ಅತ್ತಿದ್ದವಳು, ಈ ಸಲ ದೀಪ ಉರಿಯುತ್ತಿದ್ದ ಕೋಣೆಯಲ್ಲಿ ಮಗಳ ಜೊತೆ ದನಿಯೆತ್ತಿ ಅತ್ತೆ. ಅಡುಗೆಮನೆಯ ಬಾಗಿಲಲ್ಲಿ ಮಧು, ಹತ್ತಿರ ಬರಲಾಗದೆ, ಮಾಸ್ಕಿನ ಮೇಲೆ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದ. ಹೊರಗೆ ಹಾನ್ನಾ ನಾಯಿಯೊಡನೆ ಹೋಗುತ್ತಿದ್ದವಳು ನಮ್ಮನ್ನು ಕಂಡು ನಿಂತಳು. ಕೈಚಾಚಿದರೆ ಪರದೆ ಸಿಗುತ್ತಿತ್ತು. ಅಂಚಿನಲ್ಲಿ ಅಮ್ಮನ ಹೊಲಿಗೆ ಕಾಣುತ್ತಿತ್ತು, ಒಂದಿಷ್ಟು ಸೊಟ್ಟಗೆ, ಆದರೆ ಬಿಗಿಯಾಗಿ. ಆ ಅಂಚನ್ನು ಮುಷ್ಟಿಯಲ್ಲಿ ಹಿಡಿದೆ, ಹಿಡಿದುಕೊಂಡೇ ಅತ್ತೆ, ಎಳೆಯಲಿಲ್ಲ.