ಪರದೆಯ ಮೇಲೆ ಬಂದ ಸುದ್ದಿ

ರಾಣೆಬೆನ್ನೂರಿನಲ್ಲಿ ಅವನನ್ನು ಇಂದಿಗೂ ಕೇಬಲ್ ಆರಿಫ್ ಎಂದೇ ಕರೆಯುತ್ತಾರೆ. ಮನೆಗಳಿಗೆ ಟಿವಿ ಕೇಬಲ್ ಎಳೆಯುವ ಕೆಲಸ ಕಡಿಮೆಯಾದ ಮೇಲೆ ಅವನು ದೊಡ್ಡ ಪರದೆಗಳನ್ನು ಕೂರಿಸುವುದನ್ನು ಕಲಿತ. ಬ್ಯಾಡಗಿಯ ಮೆಣಸಿನಕಾಯಿ ಅಂಗಡಿಗಳಲ್ಲಿ ಅವನ ಕೆಲಸ ನೋಡಿ, ಊರಿನ ಒಂದು ಖಾಸಗಿ ಆಸ್ಪತ್ರೆ ಅವನನ್ನು ಕರೆಸಿತು.

ಆಪರೇಷನ್ನಿಗೆ ಹೋದವರ ಮನೆಮಂದಿ ಬಾಗಿಲಲ್ಲೇ ಮುಗಿಬೀಳುತ್ತಿದ್ದರು. ಅವರು ಎಲ್ಲಿ ಕೂತರೂ ಸುದ್ದಿ ಕಾಣಬೇಕು ಎಂಬುದು ಆಸ್ಪತ್ರೆಯವರ ಬೇಡಿಕೆ. ಆರಿಫ್ ಮಹಡಿಗಳನ್ನೆಲ್ಲ ಅಲೆದು, ಎಲ್ಲಿಂದ ನೋಡಿದರೆ ಅಕ್ಷರ ಓದಬಹುದೆಂದು ತಾನೇ ಕೂತು ಪರೀಕ್ಷಿಸಿದ. ಆಪರೇಷನ್ ಕೋಣೆಯ ಹೊರಗೆ, ಔಷಧಿ ಅಂಗಡಿಯ ಎದುರು, ಕ್ಯಾಂಟೀನಿನಲ್ಲಿ ಪರದೆ ಹಾಕಿ ಎಲ್ಲವನ್ನೂ ಒಂದೇ ಕಂಪ್ಯೂಟರಿಗೆ ಜೋಡಿಸಿದ. ಒಳಗೆ ನರ್ಸ್ ದಾಖಲಿಸಿದ್ದು ತಾನಾಗಿಯೇ ಎಲ್ಲೆಡೆ ಮೂಡುತ್ತಿತ್ತು. ಒಳಗೆ ಯಾವ ಯಾವ ಮಾತು ದಾಖಲಾಗಬಹುದೆಂದು ಅವನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಪರದೆಗಳು ಶುರುವಾದ ಹೊಸದರಲ್ಲಿ ಅವನು ಕ್ಯಾಂಟೀನಿನಲ್ಲಿ ಬಣ್ಣ ಸರಿಪಡಿಸುತ್ತ ನಿಂತಿದ್ದ. ಪಕ್ಕದ ಬೆಂಚಿನಲ್ಲಿದ್ದ ವಯಸ್ಸಾದ ಹೆಂಗಸು ಕರೆದರು.

“ತಮ್ಮಾ, ಚಶ್ಮಾ ಮನ್ಯಾಗ ಬಿಟ್ಟು ಬಂದೀನಿ. ಅಣ್ಣಾಜಿ ಅಂತ ಹೆಸರದ, ನಮ್ಮ ಯಜಮಾನ್ರು. ಏನಂತ ಬರದದ ನೋಡು.”

ಆರಿಫ್ ಹೆಸರು ಹುಡುಕಿದ. ಎದುರಿಗೆ ‘ಶಸ್ತ್ರಚಿಕಿತ್ಸೆ ನಡೆಯುತ್ತಿದೆ’ ಎಂದಿತ್ತು. ಓದಲು ಬಾಯಿ ತೆರೆಯುವಷ್ಟರಲ್ಲಿ ಆ ಸಾಲು ಅಳಿಸಿ ‘ಮೃತ’ ಎಂದಾಯಿತು.

ಅವನು ಪರದೆಯ ವೈರನ್ನು ಕಿತ್ತ.

“ಯಾಕ ಬಂದ್ ಮಾಡಿದಿ?”

“ಬಾಯಾರ, ನನ್ನ ಜೋಡಿ ಮ್ಯಾಲೆ ಬರ್ರಿ. ಡಾಕ್ಟರ್ ಹತ್ರ ಹೋಗೂಣು.”

ಆ ಹೆಂಗಸು, ಮಥುರಾಬಾಯಿ, ಅವನ ಮುಖ ನೋಡಿದರು. ಅವನ ತೋಳು ಹಿಡಿದು ಮೆಟ್ಟಿಲು ಹತ್ತಿದರು. ಆಪರೇಷನ್ ಕೋಣೆಯ ಹೊರಗಿನ ಪರದೆಯನ್ನು ಅಲ್ಲಿದ್ದವರೆಲ್ಲ ಆಗಲೇ ಓದಿಬಿಟ್ಟಿದ್ದರು. ಇವರನ್ನು ಕಂಡೊಡನೆ ಒಬ್ಬೊಬ್ಬರಾಗಿ ಎದ್ದು ನಿಂತು ದಾರಿ ಬಿಟ್ಟರು. ಮಥುರಾಬಾಯಿ ಅಲ್ಲೇ ಕುಸಿದು ಕೂತರು.

ಮರುದಿನ ಆರಿಫ್ ವ್ಯವಸ್ಥಾಪಕರ ಮುಂದೆ ನಿಂತ. ಸಾವಿನ ಸುದ್ದಿ ಪರದೆಗೆ ಬರಬಾರದು. ಸ್ವಾಗತದ ಮೇಜಿಗೆ ಮಾತ್ರ ತಿಳಿಯಬೇಕು, ಅಲ್ಲಿಂದ ಯಾರಾದರೂ ಹೋಗಿ ಮನೆಯವರನ್ನು ಡಾಕ್ಟರ ಬಳಿ ಕರೆತರಬೇಕು ಎಂದ.

“ಮಂದಿ ಓಡಾಡೂದು ತಪ್ಪಲಿ ಅಂತನ ಇದನ್ನ ಹಾಕ್ಸೇವಿ,” ಎಂದರು ಅವರು.

“ಇದೊಂದಕ್ಕ ಮನುಷ್ಯಾರ ಹೋಗಬೇಕ್ರಿ ಸಾಹೇಬ್ರ. ಇಲ್ಲಾಂದ್ರ ಪರದೆ ಬಿಚ್ಕೊಂಡು ಹೋಗ್ತೇನಿ.”

ಅವರು ಒಪ್ಪಿದರು. ಅವನ ಮನಸ್ಸು ಮಾತ್ರ ತಿಳಿಯಾಗಲಿಲ್ಲ. ಊಟಕ್ಕೆ ಕೂತರೆ ಆ ಹೆಂಗಸು ತೋಳು ಹಿಡಿದದ್ದೇ ನೆನಪಾಗುತ್ತಿತ್ತು. ಕರ್ಮಾದಿಗಳು ಮುಗಿದ ಮೇಲೆ ಅವರ ಮನೆಗೆ ಹೋಗಿ, ಪರದೆ ಹಾಕಿದವನು ತಾನೇ ಎಂದು ಹೇಳಿ ಕೈ ಮುಗಿದ.

ಮಥುರಾಬಾಯಿ ಬೈಯಲಿಲ್ಲ. “ಎದಿ ಬಡಿತ ನಿಂತ್ಹೋತು ಅಂತ ಡಾಕ್ಟರ್ ಹೇಳಿದ್ರು, ಅಷ್ಟ. ಒಳಗ ಅವರ ಹತ್ರ ಯಾರಿದ್ರು, ಏನು ಮಾತಾಡಿದ್ರು, ಯಾರೂ ಹೇಳಲಿಲ್ಲ ನೋಡಪಾ,” ಎಂದರು.

ಆರಿಫ್ ವಿಚಾರಿಸಿ, ಆ ದಿನ ಒಳಗಿದ್ದ ನರ್ಸ್ ಸ್ನೇಹಾಳನ್ನು ಅವಳ ರಜೆಯ ದಿನ ಕರೆದುಕೊಂಡು ಬಂದ. ಅವಳು ಬಂದವಳೇ ಮಥುರಾಬಾಯಿಯ ಪಕ್ಕ ಕೂತಳು.

“ಅರವಳಿಕಿ ಕೊಡೂಕಿಂತ ಮೊದ್ಲ ಅವರು ನನ್ನ ಊರು ಕೇಳಿದ್ರು. ಐರಣಿ ಅಂದೆ. ಸಣ್ಣಾಂವ ಇದ್ದಾಗ ನಿಮ್ಮೂರ ಹೊಳಿ ಈಸಿ ದಾಟೇನಿ ಅಂತ ಹೇಳಿ ನಕ್ಕರು.”

ಮಥುರಾಬಾಯಿ ತಲೆಯೆತ್ತಿದರು. “ಈಸಿ ದಾಟ್ಯಾರಂತ? ಸುಳ್ಳ! ನೀರಂದ್ರ ಹೆದರ್ತಿದ್ರು ಅವರು.”

ಅವರಿಗೆ ನಗು ಬಂತು. ನಗುತ್ತಲೇ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳತೊಡಗಿದರು. ಸ್ನೇಹಾ ಅವರ ಬೆನ್ನು ಸವರುತ್ತಿದ್ದಳು. ಆರಿಫ್ ಎದ್ದು ಹೊರಗಿನ ಕಟ್ಟೆಗೆ ಬಂದು ಕೂತ.